ಬುತ್ತಿ ಕೊಡುವ ತಿರುವು

ಮದುವೆಯಾದ ಮೊದಲ ಕೆಲವು ವರ್ಷ ನಾನು ನನ್ನ ಗಂಡನ ಮುಖವನ್ನು ಹೆಚ್ಚಾಗಿ ನೋಡಿದ್ದು ಬಸ್ಸಿನ ಕಿಟಕಿಯಲ್ಲಿ. ಅವರು ಸರ್ಕಾರಿ ಬಸ್ಸಿನ ಡ್ರೈವರ್. ನಸುಕಿನಲ್ಲಿ ಎದ್ದು ಹೋದರೆ ಮನೆಗೆ ಬರುವಾಗ ದೀಪ ಹಚ್ಚಿ ಬಹಳ ಹೊತ್ತಾಗಿರುತ್ತಿತ್ತು. ಕೆಲವು ದಿನ ಬರುತ್ತಲೇ ಇರಲಿಲ್ಲ, ಯಾವುದೋ ಊರಿನಲ್ಲಿ ಬಸ್ಸಿನೊಂದಿಗೆ ವಸ್ತಿ. ಬಂದ ದಿನ ಕೈಕಾಲು ತೊಳೆದು, ಉಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಇಡೀ ದಿನ ಸ್ಟಿಯರಿಂಗ್ ತಿರುವಿದ ಮನುಷ್ಯನನ್ನು ಎಬ್ಬಿಸಿ ಮಾತಾಡಿಸು ಎಂದರೆ ಯಾರಿಗೆ ಮನಸ್ಸು ಬರುತ್ತದೆ? ಹೀಗಾಗಿ ಎಚ್ಚರವಾಗಿರುವ ಗಂಡ ನನಗೆ ಸಿಗುತ್ತಿದ್ದುದು ಮಧ್ಯಾಹ್ನ ಒಮ್ಮೆ ಮಾತ್ರ. ಹಾನಗಲ್ಲಿನ ನಮ್ಮ ಮನೆಯ ಮುಂದಿನ ತಿರುವಿನಲ್ಲಿ, ಒಂದು ಬುತ್ತಿ ಕೊಡುವಷ್ಟು ಹೊತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷ ನಾನು ಆ ಊರಿಗೆ ಸೊಸೆಯಾಗಿ ಬಂದೆ. ಸೊಸೆ ಎನ್ನುವುದಕ್ಕೆ ಅತ್ತೆ ಇರಬೇಕಲ್ಲ, ನನಗೆ ಅತ್ತೆಯೂ ಇರಲಿಲ್ಲ, ಮಾವನೂ ಇರಲಿಲ್ಲ. ಬಾಡಿಗೆಯ ಎರಡು ಕೋಣೆ, ಒಂದು ಹಿತ್ತಲು, ಒಂದು ಒಲೆ. ನಮ್ಮ ತವರು ಹಿರೇಕೆರೂರು. ಅಲ್ಲಿ ಒಂದೇ ಪಡಸಾಲೆಯಲ್ಲಿ ನಾವು ಅಕ್ಕತಂಗಿಯರು ಕಾಲಿಗೆ ಕಾಲು ಹೆಣೆದುಕೊಂಡು ಮಲಗಿ ಬೆಳೆದವರು. ಹಾನಗಲ್ಲಿಗೆ ಬಂದ ಮೇಲೆ ಮಧ್ಯಾಹ್ನ ರೊಟ್ಟಿ ಬಡಿಯುವ ಸಪ್ಪಳವೇ ನನಗೆ ಜೊತೆ. ಅಕ್ಕಪಕ್ಕದವರು ಒಳ್ಳೆಯವರೇ, ಆದರೆ ಅವರವರ ಮನೆ ತುಂಬಿತ್ತು. ತುಂಬಿದ ಮನೆಯವರಿಗೆ ಬರಿದಾದ ಮನೆಯವಳ ಕೂಡ ಕೂತು ಮಾತಾಡುವಷ್ಟು ಪುರುಸೊತ್ತು ಇರುವುದಿಲ್ಲ. ಮಕ್ಕಳಿನ್ನೂ ಆಗಿರಲಿಲ್ಲ. ಸುತ್ತಿ ಬಳಸಿ ಯಾಕೆ ಹೇಳಲಿ, ನಾನು ಒಂಟಿಯಾಗಿದ್ದೆ, ಮತ್ತು ಅದು ನನಗೆ ಹಿಡಿಸುತ್ತಿರಲಿಲ್ಲ.

ಆದರೆ ಮನೆಯ ಮುಂದೆ ಆ ತಿರುವಿತ್ತು.

ಶಿಗ್ಗಾಂವಿ ಕಡೆಯಿಂದ ಬರುವ ರಸ್ತೆ ಪೇಟೆಯನ್ನು ದಾಟಿ ನಮ್ಮ ಓಣಿಯ ಬಾಯಿಗೆ ಬಂದ ಕೂಡಲೇ ಒಂದು ಬೇವಿನ ಮರಕ್ಕೆ ಹೆದರಿದಂತೆ ಬಾಗುತ್ತಿತ್ತು. ಮರದ ಸುತ್ತ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಬಸ್ಸಿಗೆ ಕಾಯುವವರು, ಹೊರೆ ಇಳಿಸಿ ದಣಿವಾರಿಸಿಕೊಳ್ಳುವವರು, ಬಸ್ಸಿಗೂ ಹೊರೆಗೂ ಸಂಬಂಧವಿಲ್ಲದೆ ಸುಮ್ಮನೆ ಕೂತವರು. ಕಟ್ಟೆಯ ಒಂದು ಮಗ್ಗಲಿಗೆ ಸವಣೂರಿನಿಂದ ಬಂದು ನೆಲೆಸಿದ್ದ ಒಬ್ಬ ಮುದುಕ ಸೈಕಲ್ ದುಕಾನು ಇಟ್ಟುಕೊಂಡಿದ್ದರು. ಪಂಕ್ಚರ್ ಹಾಕುವುದು, ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುವುದು ಅವರ ಕೆಲಸ. ಊರಿಗೆಲ್ಲ ಅವರು ಚಾಚಾ. ರಸ್ತೆಯ ಎರಡೂ ಬದಿಗೆ ಮನೆಗಳ ಜಗುಲಿಕಟ್ಟೆಗಳು ಮುಂದೆ ಚಾಚಿಕೊಂಡಿದ್ದವು. ಚಕ್ಕಡಿ ಬಂದರೆ ಸೈಕಲ್ಲಿನವನು ಇಳಿದು ಒಂದು ಕಾಲು ಯಾರದೋ ಜಗುಲಿಗೆ ಇಡುತ್ತಿದ್ದ. ಬಸ್ಸು ಬಂದರೆ ಚಕ್ಕಡಿ ನಮ್ಮ ಓಣಿಯೊಳಗೆ ಮೂತಿ ತೂರಿಸುತ್ತಿತ್ತು. ನಡೆಯುವವರು ಮಾತ್ರ ಯಾರಿಗೂ ಸರಿಯುತ್ತಿರಲಿಲ್ಲ. ಅವರು ಇದ್ದಲ್ಲೇ ಇರುತ್ತಿದ್ದರು, ಉಳಿದವರು ಅವರನ್ನು ಸುತ್ತಿ ಹೋಗುತ್ತಿದ್ದರು. ಇದನ್ನು ಯಾರೂ ಕೂತು ನಿರ್ಧರಿಸಿದ್ದಲ್ಲ. ಮದುವೆ ಮನೆಯಲ್ಲಿ ಪಂಕ್ತಿ ತಾನಾಗಿ ಕೂತುಕೊಳ್ಳುವ ಹಾಗೆ ಆಗುತ್ತಿತ್ತು.

ಆ ತಿರುವಿಗೆ ಬಂದ ಬಸ್ಸು ನಿಂತಂತೆಯೇ ಲೆಕ್ಕ. ಕಂಡಕ್ಟರ್ ಕೆಳಗಿಳಿದು, ಸೀಟಿ ಊದಿ, ಒಂದು ಆಡನ್ನು ಅತ್ತ ಓಡಿಸಿ, ಇನ್ನೊಬ್ಬರ ಗಂಟನ್ನು ಇತ್ತ ಸರಿಸಿ, "ಬರ್ರೀ, ಬರ್ರೀ" ಎಂದು ಕೈ ಮಾಡುವ ಹೊತ್ತಿಗೆ ನಾನು ನಮ್ಮ ಜಗುಲಿಯ ಮೇಲೆ ನಿಂತಿರುತ್ತಿದ್ದೆ. ಜಗುಲಿಯ ಮೇಲೆ ನಿಂತರೆ ನನ್ನ ಕೈ ಡ್ರೈವರನ ಕಿಟಕಿಗೆ ಸರಿಯಾಗಿ ಮುಟ್ಟುತ್ತಿತ್ತು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ ಕೊಡುವುದು, ಹಿಂದಿನ ದಿನದ ಬಟ್ಟೆ ಡಬ್ಬಿ ಇಸಿದುಕೊಳ್ಳುವುದು. ಅಷ್ಟೇ.

"ಇವತ್ತೇನ ಪಲ್ಲೆ?"

"ಬದ್ನಿಕಾಯಿ."

"ನಿನ್ನೀದು ಉಪ್ಪ ಆಗಿತ್ತು."

"ಹಂಗಾರ ನಾಳಿಂದ ನೀವ ಮಾಡ್ಕೊಂಡ ಬರ್ರಿ."

ಬಸ್ಸಿನ ಮುಂದಿನ ಸೀಟಿನವರು ನಗುತ್ತಿದ್ದರು. ಒಬ್ಬ ಮುದುಕ ಒಮ್ಮೆ, "ತಂಗಿ, ಗಂಡಗ ಬುತ್ತಿ ತಂದಿ, ನಮಗೇನ?" ಎಂದು ಕೇಳಿದ. "ನಿಮಗ ಬಸ್ ನಿಂತೈತಲ್ಲ ಅಜ್ಜಾರ, ಅಷ್ಟ ಸಾಕು" ಎಂದೆ. ನನ್ನ ಗಂಡ ಮೀಸೆಯಲ್ಲೇ ನಕ್ಕು ಗಿಯರ್ ಹಾಕಿದರು. ಆ ನಗು ಸಂಜೆಯವರೆಗೆ ನನಗೆ ಸಾಕಾಗುತ್ತಿತ್ತು. ಊರೇ ನೋಡುವಲ್ಲಿ ನಿಂತು ಗಂಡನೊಂದಿಗೆ ಮಾತಾಡಲು ಹೊಸ ಸೊಸೆಗೆ ಬೇರೆ ಯಾವ ನೆಪವಿತ್ತು? ಬುತ್ತಿ ಕೈಯಲ್ಲಿದ್ದರೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ.

ಎಂಬತ್ತರ ದಶಕ ಶುರುವಾದ ಕಾಲಕ್ಕೆ ರಸ್ತೆ ದೊಡ್ಡದು ಮಾಡುತ್ತಾರಂತೆ ಎಂಬ ಸುದ್ದಿ ಬಂತು. ಭತ್ತದ ಲಾರಿಗಳು ಹೆಚ್ಚಾಗಿದ್ದವು, ಕಬ್ಬಿನ ಗಾಡಿಗಳು ಹೆಚ್ಚಾಗಿದ್ದವು. ಇಂಥ ಸುದ್ದಿ ವರ್ಷಕ್ಕೊಮ್ಮೆ ಬಂದು ಹೋಗುವಂಥದ್ದು, ಹಾಗೆಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ನಮ್ಮ ಕಣ್ಣೆದುರೇ ಒಂದು ಘಟನೆ ನಡೆಯಿತು. ಬಸ್ಸು ತಿರುವಿನಲ್ಲಿ ಮೂತಿ ಹಾಕಿತ್ತು, ಆಚೆಯಿಂದ ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಒಬ್ಬ ಗೌಳಿ ಬಂದ. ಮರ ಅಡ್ಡವಿದ್ದದ್ದರಿಂದ ಅವನಿಗೆ ಬಸ್ಸು ಕಾಣಲಿಲ್ಲ, ಬಸ್ಸಿಗೆ ಅವನು ಕಾಣಲಿಲ್ಲ. ಜಾರಿ ಬಿದ್ದ. ಕ್ಯಾನು ಉರುಳಿ ಮುಂದಿನ ಗಾಲಿಯ ಕೆಳಗೆ ಹೋಗಿ ಚಪ್ಪಟೆಯಾಯಿತು. ಮನುಷ್ಯ ಎದ್ದು ನಿಂತು, ಮೈ ಕೊಡವಿಕೊಂಡು, ಹಾಲು ಹೋಯಿತೆಂದು ಅಳತೊಡಗಿದ. ನನ್ನ ಗಂಡ ಬುತ್ತಿ ಇಸಿದುಕೊಳ್ಳಲಿಲ್ಲ. ಕೆಳಗಿಳಿದು ಗಾಲಿಯ ಬುಡಕ್ಕೆ ಬಗ್ಗಿ ಬಗ್ಗಿ ನೋಡಿದರು.

ಆಮೇಲೆ ರಸ್ತೆ ಕೆಲಸದ ಓವರ್ಸಿಯರ್ ಬಂದರು. ಕಲಿತು ಹೊಸದಾಗಿ ಕೆಲಸಕ್ಕೆ ಸೇರಿದವರು, ಮಾತು ಮೆತ್ತಗೆ. ಅಳತೆಯ ಟೇಪು ಹಿಡಿಸಿ, ಸುಣ್ಣದ ಗೆರೆ ಹಾಕಿಸಿದರು. ಗೆರೆ ಬೇವಿನ ಮರದ ನಡುವೆ ಹಾದು ನಮ್ಮ ಜಗುಲಿಯ ಮೇಲೆ ಹತ್ತಿ ಇಳಿಯಿತು. ಒಂದು ಸಂಜೆ ಅದೇ ಕಟ್ಟೆಯ ಹತ್ತಿರ ಊರ ಹಿರಿಯರನ್ನು ಸೇರಿಸಿ ವಿಚಾರಿಸಿದರು. ಹೆಂಗಸರಾದ ನಾವು ನಮ್ಮ ನಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿದೆವು. ಗಿರಣಿಯವರು ಲಾರಿ ತಿರುಗುವುದಿಲ್ಲ ಎಂದರು. ಅಂಗಡಿಯವರು ಅಂಗಡಿಯ ಮುಂದಿನದು ಕಡಿಯಬೇಡಿ, ಎದುರಿನವರದು ಕಡಿಯಿರಿ ಎಂದರು. ಚಾಚಾ ಮಾತ್ರ ಒಂದು ಮಾತು ಕೇಳಿದರು.

"ಸಾಹೇಬ್ರ, ಬಸ್ಸಿಗೆ, ಲಾರಿಗೆ ಹಾದಿ ಮಾಡಾಕತ್ತೀರಿ, ಚಲೋ ಆತು. ಸೈಕಲ್ಲಿನವ್ರು ಎಲ್ಲಿ ಹೋಗ್ಬೇಕು? ನಡ್ಯಾವ್ರು ಎಲ್ಲಿ ನಡೀಬೇಕ್ರಿ?"

"ಎರಡೂ ಅಂಚಿಗೆ ಗರಸು ಹಾಕಿ ಬಿಡ್ತೇವಿ ಕಾಕಾ. ಜಾಗಾ ಇರ್ತೈತಿ" ಎಂದರು ಓವರ್ಸಿಯರ್. ಅವರು ಸುಳ್ಳು ಹೇಳಲಿಲ್ಲ. ಗರಸು ಮಣ್ಣು ಹಾಕಿದ್ದು ನಿಜ, ಮೊದಲ ಮಳೆಗೆ ಅದು ಗಟಾರಕ್ಕೆ ಹೋದದ್ದೂ ನಿಜ.

ಕೊನೆಗೆ, ದಿನಾ ಬಸ್ಸು ನಡೆಸುವವರು ಏನು ಹೇಳುತ್ತಾರೆ ಎಂದು ನನ್ನ ಗಂಡನನ್ನು ಕೇಳಿದರು. ನನಗೆ ಎದೆ ಹಗುರಾಯಿತು. ಇವರು ನಮ್ಮವರು, ತಿರುವು ಇರಲಿ ಎನ್ನುತ್ತಾರೆ ಎಂದುಕೊಂಡೆ.

"ತೆಗೀರಿ" ಎಂದರು ಅವರು. "ಗಿಡಾನೂ ತೆಗೀರಿ, ಕಟ್ಟೀನೂ ತೆಗೀರಿ. ಇವತ್ತ ಹಾಲಿನ ಕ್ಯಾನ ಆತು, ನಾಳೆ ಮನಷ್ಯಾ ಆಗ್ತಾನ."

ಮನೆಗೆ ಬಂದ ಮೇಲೆ ಕೇಳಿದೆ. "ಹಂಗ್ಯಾಕ ಅಂದ್ರಿ?"

"ಖರೇನ ಅಂದೇನಿ. ಆ ಕ್ಯಾನ ಗಾಲಿ ಬುಡಕ ಬಂದಾಗ ನನ್ನ ಜೀವ ಬಾಯಿಗಿ ಬಂದಿತ್ತು. ನಿನಗೇನ ಗೊತ್ತ."

"ನಾ ಬುತ್ತಿ ಎಲ್ಲಿ ಕೊಡ್ಲಿ?"

"ಊರ ಆಚಿ ತುದಿಗೆ ಹೊಸಾ ಸ್ಟ್ಯಾಂಡ್ ಮಾಡ್ತಾರಂತ. ಅಲ್ಲಿ ತಾ. ಇಲ್ಲೇ ಐತಿ, ಎಷ್ಟ ದೂರ?"

"ಬಸ್ಸಿನ್ಯಾಗ ಕುಂತ ಹೋಗೋರಿಗೆ ಎಲ್ಲಾ ಇಲ್ಲೇ ಇರ್ತೈತಿ ಬಿಡ್ರಿ."

ನನ್ನ ನಾಲಿಗೆ ಚೂಪು ಎಂದು ತವರಿನಲ್ಲಿ ಹೆಸರಿತ್ತು. ಆದರೆ ಹೇಳಬೇಕಾದ ಮಾತಿಗೆ ಆ ನಾಲಿಗೆ ಹೊರಳಲಿಲ್ಲ. ಬುತ್ತಿಯ ಮಾತಲ್ಲ ಇದು, ನನಗೆ ನಿಮ್ಮ ಮುಖ ಕಾಣಬೇಕು, ದಿನಕ್ಕೆ ಒಮ್ಮೆಯಾದರೂ ನೀವು ಎಚ್ಚರವಿದ್ದಾಗ ಕಾಣಬೇಕು ಎಂದು ನಾನು ಹೇಳಲಿಲ್ಲ. ನಮ್ಮ ಕಡೆ ಹೆಂಗಸರು ಪ್ರೀತಿಯ ಮಾತನ್ನೆಲ್ಲ ಊಟದ ಮಾತು ಮಾಡಿ ಆಡುತ್ತಾರೆ. ಗಂಡಸರು ಅದನ್ನು ಊಟದ ಮಾತೆಂದೇ ತಿಳಿಯುತ್ತಾರೆ. ನಮ್ಮ ಅವ್ವನ ಕಾಲದಿಂದಲೂ ಇದೇ ತಪ್ಪು ನಡೆದು ಬಂದಿದೆ.

ಮರ ಕಡಿದ ದಿನ ಓಣಿಯ ತುಂಬ ಬೇವಿನ ಘಾಟು. ಕಟ್ಟೆಯ ಕಲ್ಲುಗಳನ್ನು ಟ್ರ್ಯಾಕ್ಟರಿಗೆ ಹೇರಿದರು. ನಮ್ಮ ಜಗುಲಿಯನ್ನು ಹಾರೆಯಿಂದ ಮೀಟಿ ತೆಗೆದ ಮೇಲೆ ಬಾಗಿಲಿನ ಹೊಸ್ತಿಲಿಗೂ ರಸ್ತೆಗೂ ನಡುವೆ ಒಂದು ಗಟಾರ, ಅದರ ಮೇಲೊಂದು ಕಲ್ಲುಚಪ್ಪಡಿ, ಇಷ್ಟೇ ಉಳಿಯಿತು. ಚಾಚಾ ತಮ್ಮ ಸೈಕಲ್ಲುಗಳನ್ನು ಸಾಲಾಗಿ ನಡೆಸಿಕೊಂಡು ಹಿಂದಿನ ಓಣಿಯ ಒಂದು ಮಾಳಿಗೆಯ ಕೆಳಗೆ ಹೋದರು. ಅಲ್ಲಿ ಗಿರಾಕಿ ಕಡಿಮೆ. ಡಾಂಬರು ಬಿದ್ದ ಮೇಲೆ ರಸ್ತೆ ನಿಜವಾಗಿಯೂ ಚೆಂದ ಕಂಡಿತು, ಆ ಮಾತು ಇಲ್ಲವೆನ್ನಬಾರದು. ಪೇಟೆಯಿಂದ ಸ್ಟ್ಯಾಂಡಿನವರೆಗೆ ನೆಟ್ಟಗೆ, ಎರಕ ಹೊಯ್ದ ಹಾಗೆ. ಊರವರು ಸಂಜೆ ಅದನ್ನು ನೋಡಲೆಂದೇ ಬಂದು ನಿಂತರು. ಮಧ್ಯಾಹ್ನದ ಬಸ್ಸು ಈಗ ನಮ್ಮ ಮನೆಯ ಮುಂದೆ ಹೇಗೆ ಹೋಗುತ್ತಿತ್ತೆಂದರೆ, ಸಪ್ಪಳ ಕೇಳಿ ಒಳಗಿನಿಂದ ಹೊಸ್ತಿಲಿಗೆ ಬರುವಷ್ಟರಲ್ಲಿ ಬರೀ ಧೂಳು ಇರುತ್ತಿತ್ತು. ನಿಲ್ಲಿಸುವ ಹಾಗಿಲ್ಲ. ಹಿಂದೆ ಲಾರಿ ಬೆನ್ನು ಹತ್ತಿರುತ್ತಿತ್ತು.

ನಾನು ಬುತ್ತಿ ಹೊತ್ತು ಸ್ಟ್ಯಾಂಡಿಗೆ ನಡೆಯತೊಡಗಿದೆ.

ನಡೆದಾಗಲೇ ಗೊತ್ತಾದದ್ದು, ಆ ರಸ್ತೆಯಲ್ಲಿ ಎಲ್ಲರಿಗೂ ಜಾಗ ಸಿಕ್ಕಿದೆ, ನಡೆಯುವವರಿಗೊಂದು ಬಿಟ್ಟು. ನಡುವೆ ಬಸ್ಸು, ಲಾರಿ. ಅಂಚಿನಲ್ಲಿ ನಿಂತ ಲಾರಿ, ಚಕ್ಕಡಿ, ಕಬ್ಬಿನ ಗಾಡಿ. ಅದರಾಚೆ ತೆರೆದ ಗಟಾರ, ಊರು ಮುಗಿದ ಕಡೆ ಜಾಲಿಯ ಕಂಟಿ. ಸೈಕಲ್ಲಿನವರು ಡಾಂಬರಿನ ತುದಿ ಹಿಡಿದು, ಹಿಂದೆ ತಿರುಗಿ ತಿರುಗಿ ನೋಡುತ್ತ ಹೋಗುತ್ತಿದ್ದರು. ನನ್ನಂಥವರು ಲಾರಿಗೂ ಗಟಾರಕ್ಕೂ ನಡುವೆ ಒಂದೊಂದೇ ಹೆಜ್ಜೆ ಹುಡುಕಿಕೊಂಡು, ಲಾರಿ ಅಡ್ಡ ಬಂದಲ್ಲಿ ಡಾಂಬರಿಗೆ ಇಳಿದು, ಹಾರ್ನ್ ಕೇಳಿದರೆ ಮತ್ತೆ ಮೇಲೆ ಹತ್ತಿ ಹೋಗಬೇಕು. ನೆರಳೆಂಬುದಿಲ್ಲ. ಕೂತು ಉಸಿರು ಬಿಡೋಣವೆಂದರೆ ಒಂದು ಕಲ್ಲಿಲ್ಲ. ದಾರಿಯಲ್ಲಿ ಎದುರಾದವರ ಜೊತೆ ನಿಂತು ಮಾತಾಡುವ ಹಾಗೂ ಇಲ್ಲ, ನಿಂತರೆ ಇಬ್ಬರಿಗೂ ಅಪಾಯ. ಮೊದಲೆಲ್ಲ ಬಾಗಿಲಿಗೆ ಬಂದರೆ ಊರೇ ನನ್ನ ಮುಂದೆ ಹಾದು ಹೋಗುತ್ತಿತ್ತು. ಈಗ ಊರಿನ ನಡುವೆ ನಡೆದರೂ ಒಬ್ಬಳೇ.

ಸ್ಟ್ಯಾಂಡಿನಲ್ಲಿ ಅವರು ಬುತ್ತಿ ಇಸಿದುಕೊಳ್ಳುತ್ತಿದ್ದರು. ಆದರೆ ಅಲ್ಲಿ ಅವರು ಡ್ರೈವರ್. ಕಂಟ್ರೋಲರ್ ಕರೆಯುತ್ತಾರೆ, ಯಾರೋ ಬಂದು ಬಸ್ ಎಲ್ಲಿಗ್ರಿ ಎನ್ನುತ್ತಾರೆ. "ಬಿಸಲಾಗ ಬಂದಿ, ಹೊಂಡು ಮತ್ತ" ಎಂದು ನನ್ನನ್ನು ಕಳಿಸುತ್ತಿದ್ದರು. ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವ ಪುರುಸೊತ್ತೂ ಇರಲಿಲ್ಲ. ಆದರೂ ನಾನು ಬಿಡಲಿಲ್ಲ. ಹಟ ಎನ್ನಿ, ಮತ್ತೊಂದು ಎನ್ನಿ.

ಒಂದು ದಿನ ನಲ್ಲಿಯ ನೀರು ತಡವಾಗಿ ಬಂತು. ನೀರು ಹಿಡಿದು, ರೊಟ್ಟಿ ಸುಟ್ಟು, ಬುತ್ತಿ ಕಟ್ಟಿ ಹೊರಬೀಳುವಾಗ ಹೊತ್ತಾಗಿತ್ತು. ತಲೆಯ ಮೇಲೆ ಸೆರಗು ಹೊದ್ದು ಬಿರಬಿರನೆ ನಡೆದೆ. ಊರು ಮುಗಿಯುವಲ್ಲಿ ಅಂಚಿಗೆ ಉದ್ದಕ್ಕೂ ಲಾರಿಗಳು ನಿಂತಿದ್ದವು. ನಾನು ಡಾಂಬರಿನ ಮೇಲೇ ಇದ್ದೆ. ಹಿಂದಿನಿಂದ ಹಾರ್ನ್ ಕೇಳಿತು. ಆ ಹಾರ್ನ್ ನನಗೆ ಗೊತ್ತು, ಅದರ ಗಂಟಲು ಒಡೆದಿತ್ತು. ಅವರ ಬಸ್ಸು. ಬಸ್ಸು ನನಗಿಂತ ಮೊದಲೇ ಮುಟ್ಟುತ್ತದಲ್ಲ, ಇನ್ನು ಸ್ಟ್ಯಾಂಡಿಗೆ ಓಡಬೇಕು ಎನ್ನುವ ಗಾಬರಿಯಲ್ಲಿ ನಾನು ಸರಿಯಲು ಜಾಗ ಹುಡುಕಿದೆ, ಲಾರಿಗಳ ನಡುವೆ ಜಾಗವಿರಲಿಲ್ಲ. ಮತ್ತೊಮ್ಮೆ ಹಾರ್ನ್, ಈ ಸಲ ಸಿಟ್ಟಿನಿಂದ, ಉದ್ದಕ್ಕೆ. ಲಾರಿಗಳ ಸಾಲು ಮುಗಿದಲ್ಲಿ ಕಂಟಿಯೊಳಗೆ ಹಾರಿದೆ. ಸೀರೆ ಮುಳ್ಳಿಗೆ ಸಿಕ್ಕಿತು, ಬುತ್ತಿ ಕೈಬಿಟ್ಟು ಬಿತ್ತು. ಬಸ್ಸು ಮಗ್ಗಲಿಗೆ ಹಾದು ಹೋಗುವಾಗ ಕಿಟಕಿಯಿಂದ ಧ್ವನಿ ಬಂತು.

"ಏಯ್, ಹಾದಿ ನಿಮ್ಮಪ್ಪಂದೇನ್ಬೇ?"

ಮುಖ ರಸ್ತೆಯ ಕಡೆಗೇ ಇತ್ತು. ನನ್ನ ಕಡೆ ನೋಡಿ ಬೈದದ್ದೂ ಅಲ್ಲ, ಮುಂದೆ ನೋಡುತ್ತಲೇ ಬೈದರು.

ಸ್ವಲ್ಪ ದೂರದಲ್ಲಿ ಒಬ್ಬರು ಕೈ ಮಾಡಿದ್ದಕ್ಕೆ ಬಸ್ಸು ನಿಂತಿತು. ನಿಂತದ್ದು ನನಗೆ ಕೂಗು ಕೇಳುವಷ್ಟು ಹತ್ತಿರದಲ್ಲೇ. ಕರೆಯಬಹುದಿತ್ತು. ಏನೆಂದು ಕರೆಯಲಿ? ಗಂಡನ ಹೆಸರು ಹೇಳಿ ಕೂಗುವುದನ್ನು ನಾನು ಕಲಿತಿರಲಿಲ್ಲ. ಹೆಸರು ಬಿಟ್ಟು "ಏನ್ರೀ" ಎಂದರೆ ಬಸ್ಸಿನಲ್ಲಿದ್ದ ಗಂಡಸರೆಲ್ಲ ತಿರುಗುತ್ತಾರೆ. ಇನ್ನೊಂದು ಮಾತು, ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ನಾನು ಸಣ್ಣವಳಿದ್ದಾಗಿನಿಂದ ನಮ್ಮ ಅವ್ವ ಹೇಳಿ ಹೇಳಿ ನನ್ನ ಮೈಗೆ ಹತ್ತಿಸಿದ್ದಳು. ಎತ್ತಿನ ಗಾಡಿ ಹೊಡೆಯುವವನನ್ನೇ ಕರೆಯಬಾರದು ಎಂದರೆ, ಅಷ್ಟು ಮಂದಿಯನ್ನು ಕೂರಿಸಿಕೊಂಡು ಹೊರಟವರನ್ನು ಹೇಗೆ ಕರೆಯಲಿ? ಬಾಯಿ ತೆರೆದವಳು ತೆರೆದಂತೆಯೇ ನಿಂತೆ. ಬಸ್ಸು ಹೋಯಿತು. ಮುಳ್ಳು ಬಿಡಿಸಿಕೊಂಡು, ಮಣ್ಣಾದ ರೊಟ್ಟಿಯನ್ನು ಅಲ್ಲೇ ಒಂದು ಆಕಳಿಗೆ ಹಾಕಿ, ಮನೆಗೆ ಬಂದು ಅತ್ತೆ. ನನ್ನನ್ನು ಬೈದರೆಂದು ಅಲ್ಲ. ಬೈಸಿಕೊಂಡವಳು ಯಾರೆಂದು ಅವರಿಗೆ ಗೊತ್ತೇ ಆಗಲಿಲ್ಲವಲ್ಲ ಎಂದು.

ಅಂದು ಅವರು ಸಂಜೆಯೇ ಬಂದರು. ಊಟಕ್ಕೆ ಕೂತಾಗ ಕೇಳಿದರು. "ಇವತ್ತ ಬುತ್ತಿ ಯಾಕ ತರ್ಲಿಲ್ಲ? ಖಾನಾವಳ್ಯಾಗ ಉಂಡೆ."

ನಾನು ಸಾರು ಬಡಿಸಿದೆ. ಅವರು ತಾವೇ ಮುಂದುವರಿಸಿದರು.

"ಈ ಮಂದೀಗೆ ಹಾದ್ಯಾಗ ನಡ್ಯಾಕ ಬರೂದಿಲ್ಲ ನೋಡು. ಮಧ್ಯಾಹ್ನ ಒಬ್ಬಾಕಿ ತಲಿ ಮ್ಯಾಲೆ ಸೆರಗ ಹೊತ್ಕೊಂಡು ಡಾಂಬರ ಮ್ಯಾಲೆ ರಾಣಿ ಹಂಗ ಹೊಂಟಿದ್ಲು. ಎರಡ ಸಲ ಹಾರ್ನ್ ಹೊಡ್ದೆ, ಸರೀವಲ್ಲಳು. ಕಿವಿ ಕೇಳಿಸ್ತಿದ್ದಿಲ್ಲೋ ಏನೋ."

"ಕೇಳಿಸ್ತಿತ್ತು" ಎಂದೆ.

"ನಿನಗ್ಹೆಂಗ ಗೊತ್ತು?"

"ಆಕಿ ಕೈಯಾಗ ಬುತ್ತಿ ಇತ್ತು."

ತುತ್ತು ಹಿಡಿದ ಕೈ ತಾಟಿನಲ್ಲಿಯೇ ನಿಂತಿತು. ಅವರು ನನ್ನ ಮುಖ ನೋಡಿದರು, ಮುಳ್ಳು ಗೀರಿದ ನನ್ನ ಮೊಣಕೈ ನೋಡಿದರು. ನನಗೆ ಆ ಹೊತ್ತಿಗೆ ಅಳು ಮುಗಿದು ಸಿಟ್ಟು ಬಂದಿತ್ತು.

"ಹಿಂದಿಂದ ಗೊತ್ತಾಗಲಿಲ್ಲ" ಎಂದರು.

"ಗೊತ್ತಾಗಿದ್ರ ಏನ್ ಮಾಡ್ತಿದ್ರಿ? ಹಾರ್ನ್ ಹೊಡೀತಿದ್ದಿಲ್ಲೇನ? ಬ್ಯಾರೆಯಾಕಿ ಆಗಿದ್ರ ಕಂಟ್ಯಾಗ ಬಿದ್ರೂ ನಡೀತಿತ್ತು?"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವರು ಉಣ್ಣಲಿಲ್ಲ, ತಾಟಿನಲ್ಲೇ ಕೈ ತೊಳೆದು ಎದ್ದರು. ಹಾಗಾಗಿ ಆ ಜಗಳ ಮುಗಿಯಲು ದಾರಿಯೇ ಸಿಗಲಿಲ್ಲ. ಮರುದಿನ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಷ್ಟೇ ಹೇಳಿದರು.

"ಇನ್ನ ಮ್ಯಾಲೆ ಬುತ್ತಿ ತರಬ್ಯಾಡ. ಆ ಹಾದಿ ನಡ್ಯಾವ್ರಿಗೆ ಅಲ್ಲ."

ಅಕ್ಕರೆಯಿಂದಲೇ ಹೇಳಿದರು. ಆದರೆ ಬುತ್ತಿಯೊಂದಿಗೆ ನನ್ನ ಮಧ್ಯಾಹ್ನವೂ ಹೋಯಿತು. ಮಾಡಿದ ಅಡುಗೆ ಒಬ್ಬಳೇ ಉಣ್ಣುವುದೆಂದರೆ, ಮಾಡದೇ ಇರುವುದೇ ವಾಸಿ ಎನಿಸುತ್ತಿತ್ತು. ಬೆಳಿಗ್ಗೆ ಮಾಡಿದ್ದನ್ನೇ ಸಂಜೆಗೆ ಇಟ್ಟು, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ. ಗೋಡೆಗೆ ಅಂಟಿದಂತೆಯೇ ರಸ್ತೆಯಿತ್ತಲ್ಲ, ಲಾರಿ ಹೋದರೆ ಅಡುಗೆಮನೆಯ ಪಾತ್ರೆಗಳು ಮಾತಾಡುತ್ತಿದ್ದವು. ಒಡಕು ಗಂಟಲಿನ ಆ ಹಾರ್ನ್ ದೂರದಿಂದ ಬಂದು, ಗೋಡೆಯನ್ನು ಅಲುಗಿಸಿ, ದೂರಕ್ಕೆ ಹೋಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಅದನ್ನು ಕೇಳುತ್ತಿದ್ದೆ.

ಆ ವರ್ಷ ಪಂಚಮಿಗೆ ತವರಿಗೆ ಹೋದೆ. ಹಿರೇಕೆರೂರಿನ ಸಂತೆಯ ದಿನ ನಮ್ಮ ಬಸ್ಸು ಸಂತೆಯ ಬಾಯಲ್ಲಿ ಸಿಕ್ಕಿಕೊಂಡು ಮುಂದೆ ಹೋಗಲಾರದೆ ನಿಂತಿತು. ಮೆಣಸಿನಕಾಯಿ ಚೀಲ, ಬಳೆಗಾರ, ಹತ್ತಿ ಹೇರಿದ ಚಕ್ಕಡಿ, ಸೈಕಲ್ಲಿಗೆ ಕೋಳಿ ತೂಗುಹಾಕಿಕೊಂಡವನು. ಬಸ್ಸಿನಲ್ಲಿದ್ದವರೆಲ್ಲ ಡ್ರೈವರನಿಗೆ ಬೈಯುತ್ತಿದ್ದರೆ ನಾನೊಬ್ಬಳು ಮಾತ್ರ ಕಿಟಕಿಗೆ ಮುಖವಿಟ್ಟು ಸುಖವಾಗಿ ಕೂತಿದ್ದೆ. ಬಳೆ ಇಡಿಸಿಕೊಳ್ಳುತ್ತಿದ್ದ ಒಬ್ಬಳು ಮುದುಕಿ ಬಸ್ಸಿಗೆ ಬೆನ್ನು ಕೊಟ್ಟು ಕೂತವಳು ಕದಲಲಿಲ್ಲ. ಬಸ್ಸೇ ಕಾಯಿತು. ಅವ್ವ ಮನೆಯಲ್ಲಿ ಉಂಡಿ ಕಟ್ಟುತ್ತ, "ಯಾಕ ಸೊರಗಿ? ಅಲ್ಲಿ ಉಣ್ಣಾಕ ಇಲ್ಲೇನು?" ಎಂದಳು. "ಉಣ್ಣಾಕೇನ, ರಗಡ ಐತಿ" ಎಂದೆ. ಅವ್ವ ಇನ್ನೆರಡು ಉಂಡಿ ಹೆಚ್ಚು ಕಟ್ಟಿ ಚೀಲಕ್ಕೆ ಹಾಕಿದಳು.

ನಾನು ಮರಳಿ ಬಂದ ಸ್ವಲ್ಪ ದಿನಕ್ಕೆ ಕಂಡಕ್ಟರ್ ಒಂದು ಸಂಜೆ ಬಾಗಿಲಿಗೆ ಬಂದ. ಅದೇ ಸೀಟಿಯ ಕಂಡಕ್ಟರ್, ಬುತ್ತಿಯ ದಿನಗಳಿಂದ ನನ್ನನ್ನು ಅಕ್ಕಾರ ಎನ್ನುವವನು. ನನ್ನ ಗಂಡನಿಗೆ ಅಂದು ಬೇರೆ ಬಸ್ಸು ಕೊಟ್ಟು ವಸ್ತಿ ಹಿರೇಕೆರೂರಿಗೆ ಹಾಕಿದ್ದರು, ಅದನ್ನು ಹೇಳಿ ಹೋಗಲು ಬಂದಿದ್ದ. ನೀರು ಕುಡಿದು ಚಂಬು ಕೆಳಗಿಟ್ಟವನು ಹೋಗಲಿಲ್ಲ, ತಲೆ ಕೆರೆದುಕೊಂಡು ನಿಂತ.

"ಅಕ್ಕಾರ, ಒಂದ ಮಾತ ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ."

"ಹೇಳಪಾ."

"ನಮ್ಮ ಬಸ್ ಈಗ ದಿನಾ ಹೊತ್ತಾಗಾಕತ್ತೈತ್ರಿ. ಹಾದ್ಯಾಗ ಯಾರರೆ ಹೆಣ್ಮಗಳು ಸೆರಗ ಹೊತ್ಕೊಂಡ ಹೊಂಟಿದ್ದು ಕಂಡ್ರ ಸಾಕು, ನಿಮ್ಮವರು ಬ್ರೇಕ್ ತುಳೀತಾರ. ಹಾರ್ನ್ ಹೊಡ್ಯಾಂಗಿಲ್ಲ, ಏನಿಲ್ಲ. ಆಕಿ ಹಿಂದ ಹಿಂದ ಹೊಕ್ಕಾರ, ಆಕಿ ಜಾಗಾ ನೋಡಿ ಸರದ ಮ್ಯಾಲೆ ಮುಂದ ಹೋಗೂದು. ಹಾನಗಲ್ಲಾಗ ಅಷ್ಟ ಅಲ್ರಿ, ಶಿಗ್ಗಾಂವ್ಯಾಗ ದೊಡ್ಡ ಹಾದಿ ಮ್ಯಾಲೂ ಹಂಗ, ಸವಣೂರಾಗ ಬುರ್ಖಾ ಹಾಕ್ಕೊಂಡವ್ರು ಕಂಡ್ರೂ ಹಂಗ. ಮಂದಿ ನಗಾಕತ್ತಾರ. ಕಂಟ್ರೋಲರ್ ಎರಡ ಸಲ ಬೈದ್ರು."

"ನೀ ಕೇಳಬೇಕಿಲ್ಲ?"

"ಕೇಳಿದ್ನಿರಿ. ಯಾಕ್ರಿ, ಇವ್ರೆಲ್ಲಾ ನಿಮಗೇನ ಆಗ್ಬೇಕು ಅಂದೆ." ಅವನು ನೆಲ ನೋಡಿದ. "'ಯಾರ ಮನಿಯಾಕಿ ಅಂತ ಹಿಂದಿಂದ ಹೆಂಗ ಗೊತ್ತಾಗ್ಬೇಕಪಾ' ಅಂದ್ರು. ಮತ್ತ ಗಿಯರ್ ಹಾಕಿದ್ರು."

ಅವನು ಹೋದ ಮೇಲೆ ನಾನು ಹೊಸ್ತಿಲ ಮೇಲೆ ಕೂತೆ. ಮನೆಯಲ್ಲಿ ಅವರು ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬರುತ್ತಿದ್ದರು, ಉಣ್ಣುತ್ತಿದ್ದರು, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಇದನ್ನು ನನಗೆ ಹೇಳಬಹುದಿತ್ತಲ್ಲ. ಹೇಳಬೇಕಾದ ಮಾತನ್ನು ನನಗೆ ಹೇಳದೆ, ಊರೂರಿನ ಹೆಂಗಸರ ಬೆನ್ನಿಗೆ ಹೇಳಿಕೊಂಡು ತಿರುಗುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಅಳುವೂ ಬಂತು, ನಗುವೂ ಬಂತು.

ಅಂದಿನಿಂದ ಮಧ್ಯಾಹ್ನ ಒಳಗೆ ಮಲಗಿ ಕೇಳುವುದು ಬೇರೆಯೇ ಆಯಿತು. ಬಸ್ಸಿನ ಸಪ್ಪಳ ಪೇಟೆಯ ಕಡೆಯಿಂದ ಏರುತ್ತ ಬರುತ್ತಿತ್ತು. ಕೆಲವು ದಿನ ಏರಿದ್ದು ಹಾಗೆಯೇ ಹಾದು ಹೋಗುತ್ತಿತ್ತು. ಕೆಲವು ದಿನ ನಮ್ಮ ಗೋಡೆಯ ಹತ್ತಿರ ಬಂದು ಸಟ್ಟನೆ ಇಳಿದು, ಗುರುಗುರು ಎನ್ನುತ್ತ ನಡಿಗೆಯ ಹದಕ್ಕೆ ಬರುತ್ತಿತ್ತು. ಅಂದರೆ ಹೊರಗೆ ಯಾವಳೋ ಒಬ್ಬಳು ನಡೆಯುತ್ತಿದ್ದಾಳೆ. ಗಟಾರದ ಅಂಚಿಗೆ, ಅವಳ ಪಾಡಿಗೆ ಅವಳು, ಹಿಂದೆ ನನ್ನ ಗಂಡ. ಅವಳಿಗೆ ಅದು ಗೊತ್ತೂ ಇರಲಿಕ್ಕಿಲ್ಲ. ನಾನು ಗೋಡೆಯ ಈಚೆಗೆ ಚಾಪೆಯ ಮೇಲೆ ಮಲಗಿರುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಹೊತ್ತು ನೋಡಿಕೊಂಡು ಎದ್ದೆ. ಬುತ್ತಿ ಕಟ್ಟಲಿಲ್ಲ, ಬೇಡ ಎಂದ ಮೇಲೆ ಕಟ್ಟುವುದು ಹೇಗೆ. ತಲೆಯ ಮೇಲೆ ಸೆರಗು ಹೊದ್ದು, ಕದಕ್ಕೆ ಚಿಲಕ ಹಾಕಿ, ಸ್ಟ್ಯಾಂಡಿನ ಕಡೆಗೆ ಬರಿಗೈಯಲ್ಲಿ ನಡೆಯತೊಡಗಿದೆ. ಸ್ಟ್ಯಾಂಡಿನಲ್ಲಿ ನನಗೇನೂ ಕೆಲಸವಿರಲಿಲ್ಲ. ಅಂಚಿಗೆ ಲಾರಿಗಳು ನಿಂತಿದ್ದಲ್ಲಿ ಬೇಕೆಂದೇ ಡಾಂಬರಿಗೆ ಇಳಿದೆ. ಹಿಂದಿನಿಂದ ಸಪ್ಪಳ ಏರುತ್ತ ಬಂತು, ಇನ್ನೇನು ನನ್ನ ಮೇಲೇ ಬಂತು ಎನ್ನುವಾಗ ಇಳಿಯಿತು. ಹಾರ್ನ್ ಬರಲಿಲ್ಲ. ನಾನು ನಡೆದೆ, ಬಸ್ಸು ನನ್ನ ಹಿಂದೆ ನಡೆಯಿತು. ಇಂಜಿನ್ನಿನ ಬಿಸಿ ಬೆನ್ನಿಗೆ ತಾಗುತ್ತಿತ್ತು. ಬಸ್ಸಿನೊಳಗಿಂದ ಯಾರೋ, "ಏನ್ರಿ ಡ್ರೈವರ್, ಇಕಿನೂ ನಿಮ್ಮಾಕಿ ಏನ?" ಎಂದು ಚಾಷ್ಟಿ ಮಾಡಿದ್ದು ಕೇಳಿಸಿತು. ಬಸ್ಸು ಅದೇ ನಡಿಗೆಯಲ್ಲಿ ಬಂತು.

ತಿರುಗಿ ನೋಡಿದರೆ ಅವರ ಮುಖ ಕಾಣುತ್ತಿತ್ತು. ಎಚ್ಚರವಾಗಿರುವ ಮುಖ, ನಡು ಮಧ್ಯಾಹ್ನದ ಬೆಳಕಿನಲ್ಲಿ. ಅದಕ್ಕಾಗಿಯೇ ನಾನು ಹೊರಬಿದ್ದದ್ದು. ಆದರೆ ತಿರುಗಿದರೆ ಅವರಿಗೂ ನನ್ನ ಮುಖ ಕಾಣುತ್ತದೆ, ಬುತ್ತಿಯಿಲ್ಲದೆ ಬಿಸಿಲಿನಲ್ಲಿ ಯಾಕೆ ಬಂದೆ ಎಂದು ಕೇಳುತ್ತಾರೆ, ಮನೆಗೆ ಹೋಗು ಎನ್ನುತ್ತಾರೆ. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಲಾರಿಗಳ ಸಾಲು ಮುಗಿಯುವವರೆಗೆ, ನನ್ನಿಂದ ಆದಷ್ಟು ಸಾವಕಾಶವಾಗಿ ನಡೆದೆ.